ಹೊಗೆ ನೋಡಿ ಒತ್ತಬೇಕು

ಬೆಳಿಗ್ಗೆ ಹತ್ತೂವರೆಗೆ ಕೌಂಟರಿನ ಗಾಜು ಸರಿಸುವಷ್ಟರಲ್ಲೇ ಅವಳಿಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂಬುದು ಮಾತ್ರ ಇನ್ನೂ ಗೊತ್ತಾಗಿರಲಿಲ್ಲ. ಇದೇನೂ ಹೊಸದಲ್ಲ. ಕೆಲವರಿಗೆ ಹಾಸಿಗೆ ಬಿಟ್ಟ ಕೂಡಲೇ ಸಾಲುಸಾಲಾಗಿ ಸೀನು ಬರುವ ಹಾಗೆ ಅವಳಿಗೆ ಸಿಟ್ಟು ಬರುತ್ತಿತ್ತು, ಮಧ್ಯಾಹ್ನದೊಳಗೆ ಅದಕ್ಕೊಬ್ಬ ವಾರಸುದಾರ ಸಿಕ್ಕೇ ಸಿಗುತ್ತಿದ್ದ. ಗಾಜಿನ ಆಚೆ ಮುದುಕರ ಸಾಲು ಬಾಗಿಲು ದಾಟಿ ಮೆಟ್ಟಿಲಿಗಿಳಿದಿತ್ತು. ಪಿಂಚಣಿ ಕಚೇರಿಯ ಆರನೇ ಕೌಂಟರು ಅವಳದು: ಜೀವಂತ ಪ್ರಮಾಣಪತ್ರ. ವರ್ಷಕ್ಕೊಮ್ಮೆ ನಿವೃತ್ತರು ಖುದ್ದಾಗಿ ಬಂದು ತಾವಿನ್ನೂ ಸತ್ತಿಲ್ಲವೆಂದು ಸಾಬೀತು ಮಾಡಬೇಕು. ಫಾರಂ ಕೊಟ್ಟು ಮುಖ ತೋರಿಸಬೇಕು, ಅವಳು ಮುಖ ನೋಡಿ ಸೀಲು ಹೊಡೆಯಬೇಕು. ಹದಿನೆಂಟು ವರ್ಷದಲ್ಲಿ ಕಡಿಮೆಯೆಂದರೂ ಅರವತ್ತು ಸಾವಿರ ಸಲ ಜನರನ್ನು ಬದುಕಿಸಿದ್ದಳು. ದೇವರು ಕೂಡ ಇಷ್ಟು ಕಡಿಮೆ ಸಂಬಳಕ್ಕೆ ಆ ಕೆಲಸ ಮಾಡಲಾರ. ಒಬ್ಬನೇ ಒಬ್ಬ ಥ್ಯಾಂಕ್ಸ್ ಎಂದಿರಲಿಲ್ಲ. ಅನ್ನುವ ಬದಲು ಎಲ್ಲರೂ ಅವಳ ತಲೆಯ ಮೇಲಿನ ಗೋಡೆ ನೋಡುತ್ತಿದ್ದರು, ಆಮೇಲೆ ಅವಳನ್ನು ನೋಡುತ್ತಿದ್ದರು, ಮತ್ತೆ ಗೋಡೆ ನೋಡುತ್ತಿದ್ದರು. ಗೋಡೆಯ ಮೇಲೆ ನಾಲ್ಕಡಿ ಅಗಲದ ಫೋಟೋ ಇತ್ತು: ಎದೆ ಮುಂದೆ ಮಾಡಿ, ಬಾಯಿ ತೆರೆದು, ಕಣ್ಣು ಮುಚ್ಚಿ ಬಿಳಿ ದಾರ ಹರಿಯುತ್ತಿರುವ ಹುಡುಗಿ. ಕೆಳಗೆ ಬಣ್ಣದಲ್ಲಿ, 'ನಮ್ಮ ಕಚೇರಿಯ ಹೆಮ್ಮೆ. ನೂರು ಮೀಟರ್, ಹನ್ನೊಂದು ಪಾಯಿಂಟ್ ಎರಡು ಸೆಕೆಂಡು.' ಇವತ್ತಿಗೂ ಆ ಸೀಮೆಯಲ್ಲಿ ಯಾವ ಹೆಂಗಸೂ ಮುರಿಯದ ದಾಖಲೆ.

"ಅದು ನಿಮ್ಮ ಮಗಳಾ?" ಮೊದಲನೆಯ ಮುದುಕ ಕೇಳಿದ.

"ನಾನೇ."

"ಓ."

ಆ ಓ ಒಳಗೆ ಅವಳ ಎಂಬತ್ತೊಂದು ಕಿಲೋ ತೂಕ, ನಲವತ್ತೈದು ವಯಸ್ಸು, ಕುರ್ಚಿಯಿಂದ ಏಳುವಾಗ ಮೇಜು ಹಿಡಿಯುವ ಕೈ, ಎಲ್ಲವೂ ಸಲೀಸಾಗಿ ಹಿಡಿಸಿತು. ದಿನಕ್ಕೆ ಹತ್ತು ಹದಿನೈದು ಓಗಳನ್ನು ಅವಳು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳು. ತೂಕ ಏರದೆ ಏನಾದೀತು. ಕಚೇರಿಯವರು ಅವಳನ್ನು ಎಕ್ಸ್‌ಪ್ರೆಸ್ ಮೇಡಂ ಎನ್ನುತ್ತಿದ್ದರು. "ಎಕ್ಸ್‌ಪ್ರೆಸ್ ಮೇಡಂ, ನಿಮ್ಮ ಫೈಲು ಮಾತ್ರ ಗೂಡ್ಸ್ ಗಾಡಿಯಲ್ಲಿ ಬರ್ತಿದೆಯಲ್ಲ" ಎಂಬುದು ಪಕ್ಕದ ಕೌಂಟರಿನವನ ಜೋಕು. ಹದಿನೆಂಟು ವರ್ಷದಿಂದ ಅದೊಂದೇ ಜೋಕು. ಮೊದಲ ವರ್ಷ ಅವಳೂ ನಕ್ಕಿದ್ದಳು, ಅದೇ ತಪ್ಪಾಯಿತು. ದೊಡ್ಡವರು ಯಾರಾದರೂ ಕಚೇರಿ ನೋಡಲು ಬಂದರೆ ಸಾಹೇಬರು ಅವಳನ್ನು ಫೋಟೋದ ಕೆಳಗೆ ನಿಲ್ಲಿಸುತ್ತಿದ್ದರು. ಬಂದವರು ಕೈ ಕುಲುಕಿ, ಈಗಲೂ ಓಡ್ತೀರಾ ಎಂದು ಕೇಳುತ್ತಿದ್ದರು. ಬಸ್ಸಿಗೆ, ಎನ್ನುತ್ತಿದ್ದಳು ಅವಳು. ಎಲ್ಲರೂ ನಗುತ್ತಿದ್ದರು. ಮೈಯೆಲ್ಲ ಉರಿಯುತ್ತಿತ್ತು.

ಹನ್ನೊಂದೂಕಾಲಿಗೆ ಬಂದವರು ತೆಳ್ಳಗಿನ, ಇಸ್ತ್ರಿ ಅಂಗಿಯ, ಎಲ್ಲರಿಗಿಂತ ಅಚ್ಚುಕಟ್ಟಾಗಿ ಫಾರಂ ತುಂಬಿದ್ದ ಮನುಷ್ಯ. ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಹಿಂದಿನ ಹುದ್ದೆ ಎಂಬ ಕಡೆ ಡ್ರಾಯಿಂಗ್ ಮೇಷ್ಟ್ರು ಎಂದು ಬರೆದಿತ್ತು. ಅವರೂ ಗೋಡೆ ನೋಡಿದರು, ಅವಳನ್ನು ನೋಡಿದರು. ಓ ಎನ್ನಲಿಲ್ಲ.

"ಆವತ್ತು ನಾನೂ ಇದ್ದೆನಮ್ಮ" ಎಂದರು.

ಎಲ್ಲರೂ ಇದ್ದರು. ಆವತ್ತು ನಾವಿದ್ದೆವು ಎಂದು ಅವಳಿಗೆ ಹೇಳಿದವರನ್ನೆಲ್ಲ ಕೂರಿಸಲು ಅಂಥ ಸ್ಟೇಡಿಯಂ ಏಳು ಬೇಕಾಗುತ್ತಿತ್ತು. ನಿಜವಾಗಿ ಇದ್ದದ್ದು ಮುನ್ನೂರು ಜನ, ಅದರಲ್ಲಿ ಅರ್ಧ ಜನ ನೀರಿನ ನಲ್ಲಿಯ ಹತ್ತಿರ. ಅವಳು ಸೀಲನ್ನು ಪ್ಯಾಡಿಗೆ ಒತ್ತುತ್ತಾ, "ಎಲ್ಲಿ ಕೂತಿದ್ರಿ?" ಎಂದಳು.

"ಕೂತಿರ್ಲಿಲ್ಲಮ್ಮ. ಮುಗಿಯೋ ಗೆರೆ ಪಕ್ಕ ಏಣಿ ಹಾಕಿರ್ತಾರಲ್ಲ, ಟೈಮ್ ನೋಡೋರಿಗೆ. ಅದರ ಎರಡನೇ ಮೆಟ್ಟಿಲಲ್ಲಿ ನಿಂತಿದ್ದೆ. ಕೈಯಲ್ಲಿ ವಾಚಿತ್ತು. ಮೇಲಿನ ಮೆಟ್ಟಿಲಲ್ಲಿ ನಮ್ಮ ಹೆಡ್ಮಾಷ್ಟ್ರು, ಕೆಳಗೆ ಇನ್ನೊಬ್ಬ ಮೇಷ್ಟ್ರು. ಮೂರೂ ವಾಚು ನಿಮ್ಮ ಟೈಮಿಗೇ, ಎರಡನೆಯವಳಿಗೆ ಬೇರೆ ವಾಚು."

ಸೀಲು ಗಾಳಿಯಲ್ಲೇ ನಿಂತಿತು. ಅವಳಿಗೆ ಆ ಏಣಿ ನೆನಪಿತ್ತು, ಹಸಿರು ಬಣ್ಣದ್ದು. ಓಡುವವಳಿಗೆ ಕೊನೆಯ ಹತ್ತು ಮೀಟರಿನಲ್ಲಿ ಲೋಕದಲ್ಲಿ ಉಳಿಯುವುದು ಎರಡೇ, ಒಂದು ಬಿಳಿ ದಾರ, ಇನ್ನೊಂದು ಅದರ ಪಕ್ಕದ ಏಣಿ.

"ಹಾಗಾದ್ರೆ ನೀವು ಕೊಟ್ಟಿದ್ದೇ ಅದು" ಎಂದು ಅವಳು ಹೆಗಲ ಮೇಲಿಂದ ಗೋಡೆಯ ಕಡೆ ಸೀಲು ತೋರಿಸಿದಳು. ಎಷ್ಟೋ ದಿನದ ಮೇಲೆ ಕೌಂಟರಿನಲ್ಲಿ ನಗು ಬಂದಿತ್ತು.

"ಅದನ್ನೇ ಹೇಳೋಣ ಅಂತ" ಎಂದು ಅವರು ಗಾಜಿನ ತೂತಿಗೆ ಬಾಯಿ ಹತ್ತಿರ ತಂದರು. "ನಿಮಗೆ ಗೊತ್ತಿರೋದೇ. ಗನ್ನು ಹೊಡೆಯೋನು ಆ ತುದಿಯಲ್ಲಿ, ವಾಚು ಈ ತುದಿಯಲ್ಲಿ. ಹೊಗೆ ನೋಡಿ ಒತ್ತಬೇಕು. ಶಬ್ದ ಕೇಳಿ ಒತ್ತಬಾರದು. ಶಬ್ದ ನಡ್ಕೊಂಡು ಬರೋಷ್ಟರಲ್ಲಿ ಸೆಕೆಂಡಲ್ಲಿ ಮೂರು ಪಾಯಿಂಟ್ ಹೋಗಿಬಿಟ್ಟಿರುತ್ತೆ."

"ಗೊತ್ತು."

"ಹೊಗೆ ಬಂದಾಗ ಹೆಡ್ಮಾಷ್ಟ್ರು ಕನ್ನಡಕ ಒರೆಸ್ತಿದ್ರು."

ಹಿಂದಿನ ಮುದುಕ ಬೇಗ ಬೇಗ ಎಂದು ಗೊಣಗಿದ. ಡ್ರಾಯಿಂಗ್ ಮೇಷ್ಟ್ರು ತಿರುಗಿ ಅವನಿಗೆ ವಿನಯದಿಂದ ಒಂದು ನಿಮಿಷ ಸಾರ್ ಎಂದರು.

"ನಿಮ್ಮ ವಾಚಲ್ಲಿ ಎಷ್ಟಿತ್ತು?" ಎಂದಳು ಅವಳು. ಧ್ವನಿ ಯಾರದೋ ಎಂಬಂತಿತ್ತು.

"ಹನ್ನೊಂದು ಐದು. ಕೆಳಗಿನ ಮೆಟ್ಟಿಲಿನವರದ್ದೂ ಐದೇ, ನಾನು ಕದ್ದು ನೋಡಿದ್ದೆ. ಆದ್ರೆ ಹೆಡ್ಮಾಷ್ಟ್ರು ಮೊದಲೇ ಕೂಗಿಬಿಟ್ರು, ಹನ್ನೊಂದು ಎರಡು ಅಂತ. ಯಾವಾಗ್ಲೂ ದೊಡ್ಡವರೇ ಮೊದಲು ಹೇಳೋದು, ಆಮೇಲೆ ನಮ್ಮನ್ನ ಕೇಳೋದು. ನಿನ್ನದೆಷ್ಟಯ್ಯ ಅಂದ್ರು. ನನ್ನದೂ ಅಷ್ಟೇ ಸಾರ್ ಅಂದೆ. ಕೆಳಗಿನವರೂ ನನ್ನದೂ ಅಷ್ಟೇ ಸಾರ್ ಅಂದ್ರು. ಬರ್ಕೊಂಡ್ರು." ಅವರು ನಿಟ್ಟುಸಿರು ಬಿಟ್ಟರು. "ನನ್ನ ಕೆಲಸ ಪರ್ಮನೆಂಟ್ ಆಗಿರ್ಲಿಲ್ಲಮ್ಮ."

"ಇಪ್ಪತ್ನಾಲ್ಕು ವರ್ಷ ಆಯ್ತು."

"ಹೌದು. ಹೆಡ್ಮಾಷ್ಟ್ರು ಹೋದ ತಿಂಗಳು ಹೋಗಿಬಿಟ್ರು. ಅವರಿರೋವರೆಗೆ ಹೇಳೋಕಾಗುತ್ತಾ?"

"ಇದನ್ನ ಹೇಳೋಕೆ ಇವತ್ತು ಬಂದ್ರಾ?"

"ಇಲ್ಲಮ್ಮ, ಸೀಲಿಗೆ ಬಂದೆ. ಫೋಟೋ ಕಾಣಿಸ್ತು."

ಅವಳು ಸೀಲು ಹೊಡೆದಳು. ಮೇಜು ಅದುರಿ ಪೆನ್ನಿನ ಡಬ್ಬಿ ಉರುಳಿತು. ಡ್ರಾಯಿಂಗ್ ಮೇಷ್ಟ್ರು ತಾವು ಬದುಕಿರುವ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, ಮನಸ್ಸು ಹಗುರ ಆಯ್ತಮ್ಮ ಎಂದು ಹೇಳಿ, ಈ ಕಚೇರಿಯ ಇತಿಹಾಸದಲ್ಲೇ ಮೊದಲ ಬಾರಿಗೆ, "ಥ್ಯಾಂಕ್ಸ್" ಎಂದು ಹೊರಟುಹೋದರು.

ಮುಂದಿನವನ ಫಾರಂ ತೂತಿನೊಳಗೆ ಬಂದು ಅಲ್ಲೇ ಕೂತಿತು. ಅವಳು ಕುರ್ಚಿ ತಿರುಗಿಸಿ ಫೋಟೋ ನೋಡಿದಳು. ಹದಿನೆಂಟು ವರ್ಷ ಅದಕ್ಕೆ ಬೆನ್ನು ಹಾಕಿ ಕೂತವಳು. ಸರಿಯಾಗಿ ನೋಡಿದ್ದು ಇದೇ ಮೊದಲು ಎನಿಸಿತು. ಬಲಗಡೆ ಚೌಕಟ್ಟಿನ ಅಂಚಿಗೆ ತಾಗಿದಂತೆ ಒಂದು ಮೊಣಕೈ ಇತ್ತು. ಮೊಣಕೈಯ ಮೇಲೆ ಗಾಳಿಗೆ ಹಾರಿದ ನೀಲಿ ರಿಬ್ಬನಿನ ತುದಿ. ಎರಡನೆಯವಳು. ಅವಳ ಹೆಸರು ಕೂಡ ಮರೆತುಹೋಗಿತ್ತು, ರಿಬ್ಬನ್ ನೆನಪಿತ್ತು, ಅದಕ್ಕಿಂತ ಹೆಚ್ಚಾಗಿ ಉಸಿರು ನೆನಪಿತ್ತು. ಕೊನೆಯವರೆಗೂ ಆ ಹುಡುಗಿಯ ಉಸಿರು ಇವಳ ಕಿವಿಯಲ್ಲಿ ಕೇಳುತ್ತಲೇ ಇತ್ತು, ಹಿಂದಿನಿಂದ ಯಾರೋ ಗುಟ್ಟು ಹೇಳಲು ಬಂದ ಹಾಗೆ. ಒಂದು ಭುಜದ ಅಂತರ. ಕೂಗಿದಾಗ ಇವಳದು ಹನ್ನೊಂದು ಎರಡು, ಅವಳದು ಹನ್ನೊಂದು ಆರು. ನಾಲ್ಕು ಪಾಯಿಂಟ್ ಎಂದರೆ ಮೂರೂವರೆ ಮೀಟರ್. ಮೂರೂವರೆ ಮೀಟರ್ ಹಿಂದಿರುವವಳ ಉಸಿರು ಕಿವಿಯಲ್ಲಿ ಕೇಳುವುದು ಹೇಗೆ, ಅವಳ ಮೊಣಕೈ ಫೋಟೋದೊಳಗೆ ಬರುವುದು ಹೇಗೆ ಎಂದು ಆವತ್ತು ಇಪ್ಪತ್ತೊಂದರ ವಯಸ್ಸಿನ ಇವಳು ಕೇಳಬಹುದಿತ್ತು. ಕೇಳಲಿಲ್ಲ. ಹೆಗಲ ಮೇಲೆ ಎತ್ತಿಕೊಂಡಿದ್ದರು. ಹೆಗಲ ಮೇಲಿದ್ದವರು ಪ್ರಶ್ನೆ ಕೇಳುವುದಿಲ್ಲ. ಹೊರದೇಶದ ಕೂಟಕ್ಕೆ ಹೋಗಲು ಒಂದೇ ಜಾಗವಿತ್ತು. ನೀಲಿ ರಿಬ್ಬನ್ ಏಣಿಯ ಕೆಳಗೆ ನಿಂತು ಮೇಷ್ಟ್ರುಗಳನ್ನು ಏನೋ ಕೇಳುತ್ತಿದ್ದಳು, ಅವರು ಹೋಗಮ್ಮ ಹೋಗು ಎಂದು ಕೈಯಾಡಿಸುತ್ತಿದ್ದರು. ಆಮೇಲೆ ಅವಳು ಯಾವ ಮೈದಾನದಲ್ಲೂ ಕಾಣಲಿಲ್ಲ.

ಹೊರದೇಶದ ಮೈದಾನದಲ್ಲಿ ಗೆರೆ ಪಕ್ಕ ಏಣಿ ಇರಲಿಲ್ಲ, ಯಂತ್ರವಿತ್ತು. ಯಂತ್ರಕ್ಕೆ ಹೆಡ್ಮಾಷ್ಟ್ರು ಗೊತ್ತಿರಲಿಲ್ಲ. ಹನ್ನೊಂದು ಐದು ಎಂದಿತು. ಬಸ್ಸಿನ ಬಾಗಿಲಲ್ಲಿ, ಇಡೀ ತಂಡದೆದುರು ಕೋಚ್ ಅವಳ ಕೆನ್ನೆಗೆ ಬಾರಿಸಿದ್ದರು. "ಮೂರು ಪಾಯಿಂಟ್ ಎಲ್ಲಿ ಹಾಕಿದೆಯೇ? ಯಾವನಿಗೆ ಕೊಟ್ಟು ಬಂದೆ?" ಅವಳು ನಿಜವಾಗಿಯೂ ಹುಡುಕಿದ್ದಳು, ಅದೇ ಈಗ ಹೊಟ್ಟೆ ಉರಿಸುತ್ತಿರುವುದು, ಕಳೆದುಹೋದ ಬೀಗದಕೈ ಹುಡುಕುವವಳ ಹಾಗೆ ಆರು ವರ್ಷ ತನ್ನ ಮೈಯನ್ನೆಲ್ಲ ತಡಕಿದ್ದಳು. ಮಂಡಿಯಲ್ಲಿ ಇದೆಯೇ, ನಿದ್ದೆಯಲ್ಲಿ ಹೋಯಿತೇ, ಒಬ್ಬ ಹುಡುಗನ ಜೊತೆ ಎರಡು ಸಲ ಸಿನಿಮಾಕ್ಕೆ ಹೋದದ್ದರಲ್ಲಿ ಹೋಯಿತೇ. ಆ ಹುಡುಗನನ್ನು ಬಿಟ್ಟಳು. ಉಪ್ಪು ಬಿಟ್ಟಳು. ದಿನದ ಟೈಮು ಬರೆಯುವ ನೋಟುಪುಸ್ತಕದಲ್ಲಿ ಐದು, ಐದು, ಐದು, ಐದು ಎಂದು ಬರೆದು, ಪ್ರತಿ ಪುಟದ ಕೆಳಗೆ 'ನನ್ನಲ್ಲೇ ಏನೋ ದೋಷ' ಎಂದು ಬರೆದಳು. ಪತ್ರಿಕೆಯವರು ಸೋಮಾರಿ ಎಂದರು, ತಲೆಗೇರಿದೆ ಎಂದರು. ಆಮೇಲೆ ಕೋಚ್ ವಿಟಮಿನ್ ಎಂದು ಸೂಜಿ ಚುಚ್ಚತೊಡಗಿದರು. ವಿಟಮಿನ್ನಿಗೆ ಗಂಟಲು ಗಂಡಸಿನ ಹಾಗೆ ಒಡೆಯಿತು. ಮನೆಗೆ ಫೋನು ಮಾಡಿದರೆ ಅಮ್ಮ ಬೆಚ್ಚಿಬೀಳುತ್ತಿದ್ದಳು. ತೀರಿಕೊಂಡ ಗಂಡನೇ ಫೋನು ಮಾಡಿದ ಹಾಗಿತ್ತಂತೆ. ತಿಂಗಳ ಮುಟ್ಟು ನಿಂತಿತು, ಮತ್ತೆ ಸರಿಯಾಗಿ ಬರಲೇ ಇಲ್ಲ. ಎರಡನೇ ವರ್ಷ ಮಂಡಿ ಹೋಯಿತು. ಇಷ್ಟೆಲ್ಲ ಆದರೂ ಕಾಲುಗಳು ಮಾತ್ರ ಪಾಪ, ಕತ್ತೆಯ ಹಾಗೆ ದುಡಿದು, ಮಂಡಿಗೆ ಪಟ್ಟಿ ಕಟ್ಟಿಕೊಂಡು, ಪ್ರತಿ ಸಲವೂ ಹನ್ನೊಂದು ಐದನ್ನೇ ತಂದು ಮುಂದಿಟ್ಟಿದ್ದವು. ಒಂದು ದಿನವೂ ಅವು ಇಳಿದಿರಲಿಲ್ಲ. ಇಳಿದವಳು ಎಂದು ಇಡೀ ಲೋಕ ಹೇಳಿತು, ಅವಳೂ ನಂಬಿ ತನ್ನ ಕಾಲಿಗೆ ತಾನೇ ಉಗಿದಿದ್ದಳು.

"ಮೇಡಂ, ನಾವು ಬದುಕಿರುವಾಗಲೇ ಆಗುತ್ತಾ?" ಎಂದ ಗಾಜಿನ ಆಚೆಯವನು. ಸಾಲು ನಕ್ಕಿತು.

ಮೂರು ಗಂಟೆಗೆ ಅವಳು ಕೌಂಟರ್ ಮುಚ್ಚಿ, ಸೀಲು ಮತ್ತು ಪ್ಯಾಡನ್ನು ಬ್ಯಾಗಿಗೆ ಹಾಕಿಕೊಂಡು ಹೊರಟಳು. ಬ್ಯಾಗಿನಲ್ಲಿ ಒಂದು ಫಾರಂ ಮೊದಲೇ ಇತ್ತು, ಕೋಚ್‌ರದು. ಅವರಿಗೆ ಮಂಡಿ ಬಗ್ಗುವುದಿಲ್ಲ, ಸಾಲಿನಲ್ಲಿ ನಿಲ್ಲಲಾಗುವುದಿಲ್ಲ ಎಂದು ಆರು ವರ್ಷದಿಂದ ಅವಳೇ ಮನೆಗೆ ಹೋಗಿ ಸೀಲು ಹೊಡೆದು ಬರುತ್ತಿದ್ದಳು. ನಿಯಮಕ್ಕೆ ವಿರುದ್ಧ. ಆದರೆ ಗುರು ಎಂಬುದು ನಿಯಮಕ್ಕಿಂತ ಹಳೆಯದು. ಅಲ್ಲಿಗೆ ಒಂದೂವರೆ ಕಿಲೋಮೀಟರ್. ಬಸ್ಸಿಗೆ ಕಾಯದೆ ನಡೆದಳು. ಸೈಕಲ್ ರಿಪೇರಿ ಅಂಗಡಿ, ಬಟ್ಟೆ ಒಗೆಯುವ ಅಂಗಡಿ, ಗೋಡೆಗೆ ಒರಗಿಸಿದ ಹಾಸಿಗೆಗಳು, ಒಂದು ಶಾಲೆ ಬಿಟ್ಟು ಮಕ್ಕಳು ಚೆಲ್ಲಾಪಿಲ್ಲಿಯಾಗಿ ಓಡುತ್ತಿದ್ದವು. ಓಡುವವರನ್ನು ಕಂಡರೆ ಅವಳಿಗೆ ಈಗಲೂ ಬಾಯೊಳಗೆ ಎಣಿಕೆ ಶುರುವಾಗುತ್ತಿತ್ತು. ಸತ್ತ ಹೆಡ್ಮಾಷ್ಟ್ರ ಮೇಲೆ ಸಿಟ್ಟು ಮಾಡಿಕೊಂಡು ಐವತ್ತು ಹೆಜ್ಜೆ ನಡೆದಳು. ಸತ್ತವರು ಸಿಟ್ಟಿಗೆ ಒದಗುವುದಿಲ್ಲ, ಜಾರುತ್ತಾರೆ. ಡ್ರಾಯಿಂಗ್ ಮೇಷ್ಟ್ರ ಮೇಲೆ ಮಾಡಿಕೊಳ್ಳೋಣವೆಂದರೆ ಥ್ಯಾಂಕ್ಸ್ ಅಡ್ಡ ಬಂತು. ಕೋಚ್‌ಗೆ ಹೇಳಬೇಕು, ಪಾಪ ಅವರಿಗೂ ಗೊತ್ತಿಲ್ಲ, ಅವರೂ ಮೋಸ ಹೋದವರೇ, ಸರ್ ನಾವಿಬ್ಬರೂ ಇಲ್ಲದ ಕುದುರೆಗೆ ಹುಲ್ಲು ಹಾಕಿದೆವು ಎಂದರೆ ಅವರೂ ಅತ್ತುಬಿಡಬಹುದು ಎಂದುಕೊಂಡಾಗ ಸಿಟ್ಟು ಒಂದು ಕ್ಷಣ ಮೆತ್ತಗಾಗಿ, ಮತ್ತೆ ಕೆನ್ನೆಯ ಆ ಜಾಗ ಚುರುಗುಟ್ಟಿತು.

ಕೋಚ್ ಯಾವತ್ತಿನ ಹಾಗೆ ಮುಂಗೋಣೆಯ ಕುರ್ಚಿಯಲ್ಲಿ ಬನಿಯನ್ನಿನಲ್ಲಿ ಕೂತಿದ್ದರು. ಕೊರಳಲ್ಲಿ ಉಕ್ಕಿನ ದುಂಡು ವಾಚು. ಅದನ್ನು ಅವರು ಸ್ನಾನಕ್ಕೂ ಬಿಚ್ಚುವುದಿಲ್ಲವೆಂದೂ, ಹೆಂಡತಿ ಹೆರುವಾಗ ಹೊರಗೆ ನಿಂತು ಟೈಮು ನೋಡಿದ್ದರೆಂದೂ ಮೈದಾನದಲ್ಲಿ ಹೇಳುತ್ತಿದ್ದರು. ಅವರ ಎದುರು ಮೊಮ್ಮಗಳು, ಹದಿನೇಳು ವರ್ಷದ್ದು, ಎರಡೂ ಕಾಲನ್ನು ಐಸು ಹಾಕಿದ ಬಕೆಟ್ಟಿನಲ್ಲಿಟ್ಟುಕೊಂಡು ಹಲ್ಲು ಕಟಕಟಿಸುತ್ತಿತ್ತು.

"ಬಾರೇ ಕುದುರೆ. ಲೇಟು" ಎಂದರು ಕೋಚ್. "ಸೀಲು ತಂದಿದ್ದೀ ತಾನೆ?"

"ತಂದಿದ್ದೀನಿ ಸರ್."

"ನೋಡೇ ಮರಿ, ಬಂದ್ಲು ನಿನ್ನ ಹನ್ನೊಂದು ಎರಡು. ಕೇಳು ಏನು ಕೇಳ್ಬೇಕೋ."

ಹುಡುಗಿ ನಾಚಿಕೊಂಡಿತು. ಅದರ ಹಿಂದಿನ ಗೋಡೆಯಲ್ಲಿ ಬೀರು ಇದ್ದ ಜಾಗದಲ್ಲಿ ಈಗ ಕಪ್ಪು ಬಣ್ಣ ಬಳಿದಿತ್ತು, ಸೀಮೆಸುಣ್ಣದಲ್ಲಿ ಮೇಲೆ ದೊಡ್ಡದಾಗಿ 11.2, ಸುತ್ತ ಒಂದು ಚೌಕ. ಅದರ ಕೆಳಗೆ ಸಣ್ಣಗೆ ತಾರೀಖುಗಳು: 11.7, 11.6, 11.5, ಹದಿನಾಲ್ಕನೇ ತಾರೀಖಿನಿಂದ ಸತತವಾಗಿ 11.4. ಹೋದ ವರ್ಷ ಬಂದಾಗ ಈ ಕಪ್ಪು ಬಣ್ಣ, ಈ ಲೆಕ್ಕ ಇರಲಿಲ್ಲ.

"ಆಂಟಿ, ಕೊನೇ ಮೂವತ್ತು ಮೀಟರಲ್ಲಿ ನೀವೇನು ಮಾಡ್ತಿದ್ರಿ? ತಾತ ಹೇಳ್ತಾರೆ ನೀವು ಓಡ್ತಾನೇ ಇರ್ಲಿಲ್ವಂತೆ, ಹಾರ್ತಿದ್ರಂತೆ. ನನಗೆ ಎರಡು ಪಾಯಿಂಟ್ ಎಲ್ಲಿ ಸಿಕ್ಕಿಹಾಕ್ಕೊಂಡಿದೆ ಅಂತಾನೇ ಗೊತ್ತಾಗ್ತಿಲ್ಲ. ನನ್ನಲ್ಲೇ ಏನೋ ದೋಷ."

ಅವಳಿಗೆ ನೀರು ಬೇಕೆನಿಸಿತು. ಒಳಗೆ ಹೋಗಿ ಫ್ರಿಜ್ಜಿನ ಬಾಗಿಲು ತೆರೆದಳು. ಹಾಲಿನ ಪಕ್ಕ, ಕೆಂಪು ಮುಚ್ಚಳದ ಕಂದು ಬಾಟಲಿ. ಚೀಟಿಯ ಹಸಿರು ಬಣ್ಣ ಇಪ್ಪತ್ತು ವರ್ಷದಲ್ಲಿ ಒಂದಿಷ್ಟೂ ಬದಲಾಗಿರಲಿಲ್ಲ. ಮುಚ್ಚಳ ಇನ್ನೂ ಒಡೆದಿರಲಿಲ್ಲ. ಹುಡುಗಿ ಬಕೆಟ್ ಚೆಲ್ಲಲು ಹಿತ್ತಿಲಿಗೆ ಹೋಗುತ್ತಾ ಒದ್ದೆ ಕಾಲಲ್ಲಿ ಹಿಂದೆಯೇ ಬಂದು, "ಅದು ವಿಟಮಿನ್ ಆಂಟಿ. ಸೋಮವಾರದಿಂದ ಶುರು ಅಂತೆ. ನೀವೂ ತಗೋತಿದ್ರಂತಲ್ಲ" ಎಂದು ಹೇಳಿ ಹೋಯಿತು. ಧ್ವನಿ ಸಣ್ಣಗೆ, ಗಾಜಿನ ಬಳೆಯ ಹಾಗಿತ್ತು.

ಅವಳು ಮುಂಗೋಣೆಗೆ ಬಂದು ಕೋಚ್‌ರ ಮುಂದೆ ನಿಂತಳು. ನೀರು ಕುಡಿಯುವುದು ಮರೆತಿತ್ತು.

"ಆವತ್ತು ನಿಮ್ಮ ವಾಚಲ್ಲಿ ಎಷ್ಟಿತ್ತು ಸರ್?"

"ಯಾವತ್ತು?"

"ಕೊರಳಲ್ಲಿತ್ತಲ್ಲ. ಇದೇ ವಾಚು. ನೀವು ಗೆರೆ ಹತ್ರಾನೇ ನಿಂತಿದ್ರಿ. ಎಷ್ಟಿತ್ತು?"

ಅವರು ವಾಚನ್ನು ಬನಿಯನ್ನಿನೊಳಗೆ ತೂರಿಸಿಕೊಂಡರು. ಹಿತ್ತಿಲಲ್ಲಿ ನೀರು ಚೆಲ್ಲಿದ ಸದ್ದಾಯಿತು.

"ಐದು" ಎಂದರು, ದಾರಿಹೋಕನಿಗೆ ಗಂಟೆ ಹೇಳುವ ಹಾಗೆ.

ಅವರೂ ಮೋಸ ಹೋಗಿರಬಹುದೆಂದು ದಾರಿಯಲ್ಲಿ ಪಟ್ಟ ಕನಿಕರವೆಲ್ಲ ಅವಳ ಬಾಯಲ್ಲಿ ಪಿತ್ತದ ಹಾಗೆ ಮೇಲೆ ಬಂತು. "ಗೊತ್ತಿತ್ತು. ಗೊತ್ತಿದ್ದೂ ಬಸ್ಸಿನ ಬಾಗಿಲಲ್ಲಿ ಹೊಡೆದ್ರಿ."

"ಎರಡು ಅಂತ ಊರೆಲ್ಲ ಕೂಗಿದ ಮೇಲೆ ನಾನೊಬ್ಬ ಐದು ಅನ್ಲಾ? ನಾನು ಏನು ಅಂದ್ಕೊಂಡೆ ಗೊತ್ತಾ? ನಿನ್ನ ಒಳಗೆ ಎಲ್ಲೋ ಎರಡು ಇದೆ, ಹೊರಗೆ ತೆಗೀಬೇಕು ಅಷ್ಟೇ ಅಂದ್ಕೊಂಡೆ. ಐದು ಅಂತ ಗೊತ್ತಾಗಿದ್ರೆ ನೀನು ಐದಕ್ಕೇ ಕೂತ್ಬಿಡ್ತಿದ್ದೆ."

"ಕೂತೆನಲ್ಲ ಸರ್. ಐದಕ್ಕೇ ಕೂತೆ. ಆರು ವರ್ಷ. ಹೊರಗೆ ಬಂದಿದ್ದು ಮೀಸೆ."

"ಕೂಗಾಡ್ಬೇಡ. ಹುಡುಗಿ ಇದೆ." ಅವರು ಬಾಗಿಲ ಕಡೆ ನೋಡಿ ಧ್ವನಿ ತಗ್ಗಿಸಿದರು. "ಈಗ ಬಾಯಿ ಬಿಟ್ಟು ಏನು ಸಿಗುತ್ತೆ? ನನ್ನ ಮಾನ ಹೋಗೋದೇನೂ ಇಲ್ಲ ಕಣೇ, ನನಗೆ ಎಪ್ಪತ್ತೆಂಟು. ಹೋಗೋದು ನಿನ್ನ ಫೋಟೋ. ಅದಿಲ್ಲ ಅಂದ್ರೆ ನೀನ್ಯಾರು? ಸೀಲು ಹೊಡೆಯೋಳು. ಬಾ, ಹೊಡಿ ಇಲ್ಲಿ."

ಅವಳು ಕೂತಳು. ಬ್ಯಾಗಿನಿಂದ ಫಾರಂ ಮತ್ತು ಪ್ಯಾಡು ತೆಗೆದು ಮುಚ್ಚಳ ಬಿಚ್ಚಿದಳು, ಏಕೆಂದರೆ ಅವರು ಹೇಳಿದ್ದು ನಿಜವಾಗಿತ್ತು, ಮತ್ತು ಅವರು ಹೇಳಿದಾಗ ಕೈ ತಾನಾಗಿ ಹೋಗುವ ಅಭ್ಯಾಸವಿತ್ತು. ಓ ಎನ್ನುವವರೂ ಕೂಡ ಆ ಫೋಟೋ ಇರುವುದರಿಂದಲೇ ಓ ಎನ್ನುವುದು. ಅದನ್ನು ತೆಗೆದರೆ ಗೋಡೆಯಲ್ಲಿ ನಾಲ್ಕಡಿ ಅಗಲದ ಬಿಳಿ ಕಲೆ ಉಳಿಯುತ್ತದೆ, ಅದರ ಕೆಳಗೆ ಎಂಬತ್ತೊಂದು ಕಿಲೋ. ಹಿತ್ತಿಲಿಂದ ಹುಡುಗಿಯ ಹಾಡು ಕೇಳಿಸಿತು. ಉದ್ದ ಮೊಣಕಾಲು, ತೆಳು ಹಿಮ್ಮಡಿ, ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡೇ ಅದು ಇವಳನ್ನು ದಾಟಿ ಹೋಗಿತ್ತು, ಹದಿನಾಲ್ಕನೇ ತಾರೀಖಿಗೇ, ಅದಕ್ಕೆ ಗೊತ್ತಿರಲಿಲ್ಲ. ಗೊತ್ತಾಗದಿದ್ದರೇನು? ಅದು ಎರಡರ ಹಿಂದೆ ಓಡಲಿ, ಎಲ್ಲರೂ ಓಡಿದ್ದಾರೆ. ಈ ಯೋಚನೆ ಎಷ್ಟು ಹಿತವಾಗಿತ್ತೆಂದರೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಏಣಿಯ ಕೆಳಗಿನ ಮೆಟ್ಟಿಲಲ್ಲಿ ನಿಂತವರಿಗೂ ಹೀಗೇ ಹಿತವಾಗಿತ್ತೋ ಏನೋ. ನೀಲಿ ರಿಬ್ಬನ್ ಏನು ಕೇಳುತ್ತಿದ್ದಳು ಎಂಬುದು ಇಷ್ಟು ವರ್ಷದ ಮೇಲೆ ಥಟ್ಟನೆ ಕಿವಿಗೆ ಬಂತು. ನಾನು ಅವಳ ಪಕ್ಕದಲ್ಲೇ ಇದ್ದೆನಲ್ಲ ಸಾರ್, ಎನ್ನುತ್ತಿದ್ದಳು. ಪಕ್ಕದಲ್ಲೇ ಇದ್ದೆನಲ್ಲ.

ಹುಡುಗಿ ಖಾಲಿ ಬಕೆಟ್ ಹಿಡಿದು ಒಳಬಂದಿತು. ಅವಳು ಸೀಲನ್ನು ಪ್ಯಾಡಿಗೆ ಒತ್ತಿದವಳು ಅಲ್ಲೇ ಬಿಟ್ಟು ಎದ್ದಳು.

"ಒಂದು ರೂಲ್ ಇದೆ ಸರ್" ಎಂದಳು, ಕೌಂಟರಿನ ಧ್ವನಿಯಲ್ಲಿ. "ಪಿಂಚಣಿದಾರರು ಖುದ್ದಾಗಿ ಹಾಜರಾಗ್ಬೇಕು. ಇಷ್ಟು ವರ್ಷ ನಾನು ಸಡಿಲ ಬಿಟ್ಟೆ. ಎದ್ದು ಬಾಗಿಲವರೆಗೆ ಬನ್ನಿ. ನಾಲ್ಕೇ ಮೀಟರು."

"ತಲೆ ಕೆಟ್ಟಿದೆಯಾ?"

"ವಾಚು ಕೊಡಿ."

ಅವರು ಕೊಡಲಿಲ್ಲ. ಅವಳೇ ಬಗ್ಗಿ ಕೊರಳಿಂದ ತೆಗೆದಳು. ಬನಿಯನ್ನಿನ ಬೆವರಿಗೆ ಅದು ಬೆಚ್ಚಗಿತ್ತು. ಹುಡುಗಿಯ ಕೈಗೆ ಕೊಟ್ಟು ಬಾಗಿಲಲ್ಲಿ ನಿಲ್ಲಿಸಿದಳು. ಹುಡುಗಿ ಇದೊಂದು ತಮಾಷೆ ಎಂದುಕೊಂಡು ನಕ್ಕಿತು.

"ನಾನು ಕೈ ಎತ್ತಿ ಕೆಳಗೆ ಬಿಡ್ತೀನಿ, ರೆಡಿ ಅಂತಾನೂ ಕೂಗ್ತೀನಿ. ಕೂಗೋದು ಕೇಳ್ಬೇಡ. ಕೈ ನೋಡಿ ಒತ್ತು."

"ಗೊತ್ತು ಆಂಟಿ. ಹೊಗೆ ನೋಡಿ ಒತ್ತಬೇಕು. ತಾತ ಕಲಿಸಿದ್ದಾರೆ."

"ಕಲಿಸಿರ್ತಾರೆ."

ಅವಳು ಕುರ್ಚಿಯ ಪಕ್ಕ ನಿಂತು ಕೈ ಎತ್ತಿದಳು. ಅಷ್ಟು ವರ್ಷ ಜನರನ್ನು ಗೆರೆಯ ಮೇಲೆ ನಿಲ್ಲಿಸಿದ ಮನುಷ್ಯ. ಕೈ ಎತ್ತಿದ್ದು ಕಂಡ ಕೂಡಲೇ ಆತನ ಬೆನ್ನು ತಾನಾಗಿ ಮುಂದೆ ಬಾಗಿತು, ತೋಳಿನ ಸ್ನಾಯು ಬಿಗಿಯಿತು, ಕಣ್ಣು ಬಾಗಿಲ ಮೇಲೆ ನಟ್ಟಿತು. ಅವಳು ಕೂಗಿ ಕೈ ಬಿಟ್ಟಳು. ಕೋಚ್ ಕುರ್ಚಿಯ ಕೈ ಹಿಡಿದು ಎದ್ದರು, ಎದ್ದದ್ದಕ್ಕೇ ಹನ್ನೆರಡು ಸೆಕೆಂಡು ಹೋಯಿತು. ಮೊದಲ ಹೆಜ್ಜೆ. ಮೇಜಿನ ಅಂಚು. ಎರಡನೆಯದು. ಅವರ ಉಸಿರು ಜೋರಾಯಿತು, ಅವಳು ಪಕ್ಕದಲ್ಲೇ ನಡೆದಳು, ಭುಜಕ್ಕೆ ಭುಜ, ಮುಟ್ಟಲಿಲ್ಲ. ಬೀಳಲಿ ಎಂದುಕೊಂಡಳು. ಬಿದ್ದರೆ ಹಿಡಿಯಲು ಎರಡೂ ಕೈ ತಯಾರಾಗಿದ್ದವು, ಅದಕ್ಕೂ ಸಿಟ್ಟು ಬಂತು. ಗೋಡೆ ಹಿಡಿದು, ಗೋಡೆಯ ಸೀಮೆಸುಣ್ಣದ ಮೇಲೆ ಅಂಗೈ ಉಜ್ಜಿಕೊಂಡು, ಕೊನೆಯ ಹೆಜ್ಜೆಗೆ ಎದೆ ಮುಂದೆ ಮಾಡಿ, ನಿಜವಾಗಿಯೂ ಎದೆ ಮುಂದೆ ಮಾಡಿ ಬಾಗಿಲ ಚೌಕಟ್ಟು ಹಿಡಿದರು.

"ಎಷ್ಟೇ?" ಎಂದರು, ಏದುತ್ತಾ.

ಹುಡುಗಿ ವಾಚು ನೋಡಿತು. ಬೆವರಿಳಿಯುತ್ತಿದ್ದ ತಾತನ ಮುಖ ನೋಡಿತು.

"ಮೂವತ್ತು, ತಾತ! ಬರೀ ಮೂವತ್ತು!"

ತಾತನ ಮುಖ ಅರಳಿತು. ಅವಳು ಕೈ ಚಾಚಿ ಹುಡುಗಿಯ ಮುಷ್ಟಿ ಬಿಡಿಸಿದಳು. ಮುಳ್ಳು ನಲವತ್ತೊಂದರ ಆಚೆ ನಿಂತಿತ್ತು.

"ಮತ್ತೆ ಓದು."

"ಆಂಟಿ, ಪಾಪ..."

"ಪಾಪ, ದೊಡ್ಡವರು ಅಂತಾನೇ ನನ್ನದನ್ನೂ ತಪ್ಪು ಓದಿದ್ದು. ಇದ್ದಿದ್ದು ಇದ್ದ ಹಾಗೆ ಓದು."

"ನಲವತ್ತೊಂದು" ಎಂದಿತು ಹುಡುಗಿ, ಅಳು ಬಂದ ಹಾಗೆ. "ನಲವತ್ತೊಂದು ಮೂರು."

"ಹಾಂ. ನನ್ನದು ಹನ್ನೊಂದು ಐದು. ಹುಟ್ಟಿದಾಗಿಂದ ಒಂದು ದಿನವೂ ಎರಡು ಇರ್ಲಿಲ್ಲ. ವಾಚು ಒತ್ತೋನು ಕನ್ನಡಕ ಒರೆಸ್ತಿದ್ದ. ನಂಬಿಕೆ ಇಲ್ಲ ಅಂದ್ರೆ ಇವರನ್ನ ಕೇಳು. ಈ ವಾಚಿಗೆ ಆವತ್ತಿಂದ ಗೊತ್ತು."

ಹುಡುಗಿ ತಾತನನ್ನು ಕೇಳಲಿಲ್ಲ, ನೋಡಿತು. ತಾತ ಬಾಗಿಲ ಚೌಕಟ್ಟು ಬಿಡದೆ ರಸ್ತೆಯಲ್ಲಿ ಯಾರೋ ಬರುವವರಿದ್ದಾರೆ ಎಂಬಂತೆ ಹೊರಗೆ ದಿಟ್ಟಿಸುತ್ತಿದ್ದರು. ಯಾರೂ ಬರುತ್ತಿರಲಿಲ್ಲ. ಹುಡುಗಿ ಗೋಡೆಯ ಕಡೆ ತಿರುಗಿತು. ತಾತನ ಅಂಗೈ ಉಜ್ಜಿ 11.2 ಅರ್ಧ ಅಳಿಸಿತ್ತು, ಕೆಳಗಿನ ತಾರೀಖುಗಳು ಹಾಗೇ ಇದ್ದವು. ಅದರ ತುಟಿ ಅಲ್ಲಾಡಿತು.

"ಹಾಗಾದ್ರೆ ನಾನು..."

"ಹೂಂ."

"ಯಾವಾಗಿಂದ?"

"ಹದಿನಾಲ್ಕನೇ ತಾರೀಖಿಂದ."

ಅವಳು ಒಳಗೆ ಹೋಗಿ ಕಂದು ಬಾಟಲಿ ತೆಗೆದು ಬ್ಯಾಗಿಗೆ ಹಾಕಿಕೊಂಡಳು. ಫ್ರಿಜ್ಜಿನ ಬಾಗಿಲು ಬೇಕೆಂದೇ ಜೋರಾಗಿ ಮುಚ್ಚಿದಳು. ಹೊರಡುವಾಗ ಕೋಚ್‌ರನ್ನು ತಂದು ಕುರ್ಚಿಯಲ್ಲಿ ಕೂರಿಸಿದ್ದು ಹುಡುಗಿಯೇ. ಅವಳು ಮೇಜಿನ ಮೇಲಿನ ಸಾಮಾನನ್ನೆಲ್ಲ ಬ್ಯಾಗಿಗೆ ತುಂಬಿಕೊಳ್ಳುತ್ತಿದ್ದಳು. "ನಿನ್ನ ಹೆಸರನ್ನ ನೀನೇ ತಿಂದ್ಕೊಂಡೆಯಲ್ಲೇ" ಎಂದರು ಅವರು ಹಿಂದಿನಿಂದ. ಅಂಗಳ ದಾಟುವಾಗ ಒಳಗೆ ಧಪಧಪ ಸದ್ದು, ಹುಡುಗಿ ನಿಂತಲ್ಲೇ ಕುಣಿಯುತ್ತಿತ್ತು. ಒಂದು ಸಲವಾದರೂ ಹೊರಗೆ ಬಂದು, ಆಂಟಿ, ಎನ್ನಬಹುದಿತ್ತು. ಅನ್ನಲಿಲ್ಲ. ಗೆದ್ದವರು ಹೀಗೇ. ಅವಳೂ ಏಣಿಯ ಕಡೆ ತಿರುಗಿ ನೋಡಿರಲಿಲ್ಲ.

ರಸ್ತೆಯಲ್ಲಿ ಶಾಲೆಯ ಮಕ್ಕಳು ಕರಗಿಹೋಗಿದ್ದವು. ಸೈಕಲ್ ಅಂಗಡಿಯವನು ಚಕ್ರವೊಂದನ್ನು ತಿರುಗಿಸಿ ಬಿಟ್ಟು ಅದು ನಿಲ್ಲುವವರೆಗೂ ಸುಮ್ಮನೆ ನೋಡುತ್ತಿದ್ದ. ನಾಳೆ ಬೇಗ ಹೋಗಿ ಫೋಟೋ ಇಳಿಸಬೇಕು, ಚೌಕಟ್ಟಿನ ಮೊಳೆ ಕಿತ್ತು ನೋಡಬೇಕು. ಹಾಕುವಾಗ ಗಾಜಿಗೆ ಹೆಚ್ಚಾಯಿತೆಂದು ಬಲಗಡೆ ಮಡಚಿದ್ದು ಅವಳಿಗೆ ನೆನಪಿತ್ತು, ಆ ಮಡಿಕೆಯಲ್ಲಿ ಮೊಣಕೈಯ ಮುಂದಿನದು, ಭುಜ, ಮುಖ, ಇನ್ನೂ ಇದ್ದರೂ ಇರಬಹುದು. ಕರ್ಚೀಫಿಗೆಂದು ಬ್ಯಾಗಿಗೆ ಕೈ ಹಾಕಿದರೆ ಬಾಟಲಿಯ ಪಕ್ಕ ಕೋಚ್‌ರ ಫಾರಂ ಸಿಕ್ಕಿತು. ಖಾಲಿ. ಇಷ್ಟೆಲ್ಲ ಗಲಾಟೆಯಲ್ಲಿ ಸೀಲು ಹೊಡೆಯುವುದೇ ಮರೆತಿತ್ತು. ನಾಳೆ ಕೊನೆಯ ದಿನ. ಕಾಗದದ ಪ್ರಕಾರ ಆ ಮನುಷ್ಯ ನಾಳೆ ಸಂಜೆಗೆ ಸತ್ತಂತೆ. ಅವಳು ನಿಂತಳು. ಹಿಂದಕ್ಕೆ ಹೋದರೆ ಇನ್ನೂರು ಹೆಜ್ಜೆ. ನಿಂತಲ್ಲೇ, ಓಡುವವರನ್ನು ಕಂಡಾಗ ಶುರುವಾಗುವ ಎಣಿಕೆ ಬಾಯೊಳಗೆ ತಾನಾಗಿ ಶುರುವಾಯಿತು. ನಾಲ್ಕು ಮೀಟರಿಗೆ ನಲವತ್ತೊಂದು ಸೆಕೆಂಡು. ಕಚೇರಿಗೆ ಒಂದೂವರೆ ಕಿಲೋಮೀಟರು. ನಾಲ್ಕೂಕಾಲು ಗಂಟೆ, ಸ್ವಲ್ಪ ಹೆಚ್ಚು. ಕೌಂಟರು ತೆರೆಯುವುದು ಹತ್ತೂವರೆಗೆ. ಬೆಳಿಗ್ಗೆ ಆರಕ್ಕೆ ಹೊರಟರೆ ಸರಿಯಾಗಿ ಬಂದು ಮುಟ್ಟುತ್ತಾರೆ, ಸಾಲಿನಲ್ಲಿ ನಿಲ್ಲಲು ಹತ್ತು ನಿಮಿಷ ಉಳಿಯುತ್ತದೆ ಎಂದುಕೊಂಡು ಅವಳು ಮುಂದಕ್ಕೆ ನಡೆದಳು.